ಬಿಪಿ 116 ಇತ್ತು, ಮುಕ್ಕಾಲು ಗಂಟೆಯಲ್ಲಿ ಕುಸಿದ. ನಾನು ನೋಡದೆ ಬಿಟ್ಟಿದ್ದು ಏನು?

ರಾತ್ರಿಪಾಳಿ_ಸಿಸ್ಟರ್, ಬಾಗಲಕೋಟೆ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಒಂದೂವರೆ ವರ್ಷ ಆಯ್ತು. ಮೊದಲು ಹೆರಿಗೆ ವಾರ್ಡಿನಲ್ಲಿದ್ದೆ, ಕ್ಯಾಶುವಲ್ಟಿಗೆ ಹಾಕಿ ನಾಲ್ಕೇ ತಿಂಗಳು. ಆಸ್ಪತ್ರೆ ಹೆಸರು ಬೇಡ, ತಾಲ್ಲೂಕಿನದು ಅಂದುಕೊಳ್ಳಿ. ಸುತ್ತ ಎಲ್ಲಾ ಕಬ್ಬು. ಕಾರ್ಖಾನೆ ಹಂಗಾಮು ಶುರುವಾದರೆ ನಮ್ಮ ರಾತ್ರಿ ಹೇಗಿರುತ್ತೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಳೆದ ವಾರ ರಾತ್ರಿ 11:40. ಪಂಕ್ಚರ್ ಆಗಿ ರಸ್ತೆ ಪಕ್ಕ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಬೈಕ್ ಹೋಗಿ ಗುದ್ದಿದೆ. ಇಬ್ಬರು ಹುಡುಗರು. ಕಬ್ಬು ಕಡಿಯುವ ಗ್ಯಾಂಗಿನವರೇ ಛೋಟಾ ಹಾಥಿಯಲ್ಲಿ ಹಾಕಿಕೊಂಡು ಬಂದು ಇಳಿಸಿದರು, ನಾವು ತಿರುಗಿ ನೋಡುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಹಿಂದೆ ಕೂತಿದ್ದವನಿಗೆ ಮೊಣಕಾಲ ಕೆಳಗೆ ಎಲುಬು ಹೊರಗೆ ಬಂದಿತ್ತು. ಅವನ ಕೂಗಿಗೆ ಒಳಗಿನ ವಾರ್ಡಿನವರೂ ಎದ್ದು ಬಂದರು. ಗಾಡಿ ಓಡಿಸುತ್ತಿದ್ದವನು ಮಾತ್ರ ಇಬ್ಬರ ಹೆಗಲು ಹಿಡಿದು ನಡೆದೇ ಬಂದ. ಹೆಸರು, ಊರು, ಅಣ್ಣನ ಮೊಬೈಲ್ ನಂಬರ್ ಎಲ್ಲ ಸರಿಯಾಗಿ ಹೇಳಿದ. ಜಿಸಿಎಸ್ (ಪ್ರಜ್ಞೆಯ ಅಂಕ) 15, ಅಂದರೆ ಪೂರ್ತಿ ಎಚ್ಚರ. ಬಿಪಿ 116/84, ನಾಡಿ 118, ಉಸಿರು 20, ಎಸ್‌ಪಿಓಟು (ರಕ್ತದ ಆಮ್ಲಜನಕ) 97. ಕೆನ್ನೆ ತರಚಿತ್ತು. ಎಡಭುಜ ನೋಯುತ್ತೆ ಅಂದ, ಆದರೆ ಅಲ್ಲಿ ಗಾಯ ಇಲ್ಲ, ಕೈ ಎತ್ತಲೂ ಬರುತ್ತಿತ್ತು. ಡಾಕ್ಟರು ಕಾಲಿನವನ ಹತ್ತಿರ ಇದ್ದರು. ನಾನು ಶೀಟಿನಲ್ಲಿ 'ಸ್ಟೇಬಲ್' ಅಂತ ಬರೆದೆ. ಕೈಗೆ ಸ್ಲಿಂಗ್ ಹಾಕಿದೆ, ಟಿಟಿ ಕೊಟ್ಟೆ, ಒಂದು 22ರ ಸಣ್ಣ ಕ್ಯಾನುಲಾ ಹಾಕಿ ಮೂಲೆ ಬೆಡ್ಡಿನಲ್ಲಿ ಮಲಗಿಸಿದೆ.

ಎರಡು ಸಲ ನೀರು ಕೇಳಿದ. "ಸಿಸ್ಟರ್, ಬಾಯಿ ಒಣಗಾಕತ್ತೈತ್ರಿ, ಒಂದ್ ಗುಟಕ ನೀರ್ ಕೊಡ್ರಿ" ಅಂದ. ಎಕ್ಸ್‌ರೇ ಆಗಲಿ ತಡಿ ಅಂದೆ. ಮೂರನೇ ಸಲ ಕೇಳಲೇ ಇಲ್ಲ. 12:25ಕ್ಕೆ ಅವನ ಅಣ್ಣ ಬಂದು "ಮಲಗ್ಯಾನ್ರಿ, ಎಬ್ಬಿಸಿದ್ರ ಏಳವಲ್ಲ" ಅಂದಾಗ ಓಡಿದೆ. ಮೈ ತಣ್ಣಗೆ, ಹಣೆ ತುಂಬ ಬೆವರು. ಬಿಪಿ ಮೇಲಿನದು 70, ಕೆಳಗಿನದು ಕೇಳಿಸಲೇ ಇಲ್ಲ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದವರೇ ರೆಫರ್ ಮಾಡಿದರು. ಅಲ್ಲಿ ಸ್ಪ್ಲೀನ್ (ಹೊಟ್ಟೆಯ ಎಡಗಡೆ ಮೇಲಿರುವ ಗುಲ್ಮ) ಹರಿದಿತ್ತು ಅಂತ ರಾತ್ರಿಯೇ ಓಟಿಗೆ ತಗೊಂಡಿದ್ದಾರೆ. ಈಗ ಐಸಿಯುನಲ್ಲಿದ್ದಾನೆ.

ಮಾರನೇ ದಿನ ಎಲ್ಲರೆದುರು "ಬಿಪಿ ನಾರ್ಮಲ್ ಅಂದಿದ್ದು ನೀನೇ ಅಲ್ವಾ" ಅಂತ ಕೇಳಿದರು. ನಾರ್ಮಲ್ ಇತ್ತಲ್ಲ, ಇದ್ದದ್ದನ್ನೇ ಬರೆದೆ. ಅದಕ್ಕೇ ತಲೆ ಕೆಟ್ಟಿದೆ. ಕಾಲೇಜಿನಲ್ಲಿ ಗಾಯಾಳುವನ್ನು ಕ್ರಮವಾಗಿ ನೋಡುವ ಎಬಿಸಿಡಿಇ ಬಾಯಿಪಾಠ ಮಾಡಿದ್ದೇನೆ, ಇವನಿಗೆ ಅದೆಲ್ಲ ಸರಿಯೇ ಇತ್ತು ಅನಿಸಿತ್ತು. ಬೈದರೂ ಪರವಾಗಿಲ್ಲ, ಎಲ್ಲಿ ತಪ್ಪಿದೆ ಅಂತ ಹೇಳಿ.

ಗುಮ್ಮಟದೂರು, ವಿಜಯಪುರ

ತಂಗಿ, ಬೈಯಲ್ಲ. ಕ್ಯಾಶುವಲ್ಟಿಯಲ್ಲಿ 14 ವರ್ಷ ಆಯ್ತು ನನಗೆ, ಇಂಥ ಹುಡುಗ ನನ್ನ ಕೈಯಲ್ಲೂ ಒಬ್ಬ ಹೋಗಿದ್ದಾನೆ. ನಿನ್ನವನು ಉಳಿದಿದ್ದಾನೆ.

ನೀನು ಬರೆದ ಅಂಕಿಗಳನ್ನೇ ಇನ್ನೊಂದು ಸಲ ನೋಡು. ಬಿಪಿ ಮೇಲಿನದು 116, ನಾಡಿ 118. ನಾಡಿ ಮೇಲಿನ ಬಿಪಿಯನ್ನು ದಾಟಿದೆ. ಸಾಮಾನ್ಯವಾಗಿ ನಾಡಿಯನ್ನು ಬಿಪಿಯಿಂದ ಭಾಗಿಸಿದರೆ 0.5ರಿಂದ 0.7 ಬರಬೇಕು. 0.9 ದಾಟಿತು ಅಂದರೆ ಒಳಗೆ ಎಲ್ಲೋ ರಕ್ತ ಸೋರುತ್ತಿದೆ ಅಂತ ಅನುಮಾನ ಪಡಬೇಕು. ಇವನದು 1 ದಾಟಿದೆ. ಆಮೇಲೆ 116ರಲ್ಲಿ 84 ಕಳೆ. 32. ನಲವತ್ತರ ಆಸುಪಾಸು ಇರಬೇಕಾದ ಅಂತರ ಕುಗ್ಗಿದೆ. ರಕ್ತ ಕಡಿಮೆಯಾದಾಗ ಮೈ ಏನು ಮಾಡುತ್ತೆ? ಕೈಕಾಲಿನ ರಕ್ತನಾಳಗಳನ್ನು ಬಿಗಿಹಿಡಿಯುತ್ತೆ, ಆಗ ಕೆಳಗಿನ ಅಂಕಿ ಮೇಲೇರುತ್ತೆ, ಮೇಲಿನದು ಹಾಗೇ ಇರುತ್ತೆ. ಹರೆಯದ ಹುಡುಗರಲ್ಲಂತೂ ಈ ಬಿಗಿತ ತುಂಬ ಜೋರು. 70 ಕಿಲೋ ಮನುಷ್ಯನಲ್ಲಿ ರಕ್ತ ಇರುವುದೇ 5 ಲೀಟರಿನಷ್ಟು. ಅದರಲ್ಲಿ ಒಂದೂವರೆ ಲೀಟರ್ ಹೋಗುವವರೆಗೂ ಬಿಪಿ ನಿನಗೆ ನಗುತ್ತಲೇ ಸುಳ್ಳು ಹೇಳುತ್ತೆ. ಆಮೇಲೆ ಒಂದೇ ಸಲ ಕೈ ಬಿಡುತ್ತೆ. 12:25ಕ್ಕೆ ನೀನು ನೋಡಿದ್ದು ಅದನ್ನೇ.

ಈಗ ಭುಜ. ಗಾಯ ಇಲ್ಲ, ಕೈ ಎತ್ತುತ್ತಾನೆ, ಆದರೂ ಎಡಭುಜದ ತುದಿ ನೋವು. ಹೊಟ್ಟೆಯೊಳಗಿನ ರಕ್ತ ವಪೆಗೆ (ಎದೆ ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತೆ, ಎರಡಕ್ಕೂ ನರ ಬರುವುದು ಕತ್ತಿನ ಒಂದೇ ಜಾಗದಿಂದ. ಸ್ಪ್ಲೀನ್ ಪೆಟ್ಟಿಗೆ ಇದು ಹಳೇ ಗುರುತು. ನೀನು ಸ್ಲಿಂಗ್ ಹಾಕಿದ್ದು ಸ್ಪ್ಲೀನಿಗೆ!

ಬೇಜಾರಾಗಬೇಡ, ಒಂದು ಕೇಳುತ್ತೇನೆ. ಜನವರಿ ಚಳಿಯಲ್ಲಿ ರಾತ್ರಿ ಬೈಕಿನಲ್ಲಿ ಬಂದವನು, ಸ್ವೆಟರೋ ಜರ್ಕಿನ್ನೋ ಇದ್ದೇ ಇರುತ್ತೆ. ಅದನ್ನು ತೆಗೆಸಿ ಹೊಟ್ಟೆ ನೋಡಿದೆಯಾ? ಎಬಿಸಿಡಿ ಎಲ್ಲ ಸರಿ ಇತ್ತು ಅಂದೆ. ಕೊನೆಯ ಇ ಇದೆಯಲ್ಲ, ಬಟ್ಟೆ ಬಿಚ್ಚಿಸಿ ಹಿಂದೆ ಮುಂದೆ ಪೂರ್ತಿ ನೋಡುವುದು, ನಮ್ಮ ಕಡೆ ಸಂಕೋಚಕ್ಕೋ ಗಡಿಬಿಡಿಗೋ ಎಲ್ಲರೂ ಬಿಡುವುದು ಅದನ್ನೇ. ಪರದೆ ಎಳಿ, ಕತ್ತರಿ ಹಾಕು, ನೋಡು, ತಕ್ಷಣ ಕಂಬಳಿ ಹೊದಿಸು. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಇನ್ನೊಂದು. ಉಸಿರು 20. ರಾಜ್ಯದ ಎಲ್ಲಾ ಕೇಸ್ ಶೀಟಿನಲ್ಲೂ ಉಸಿರು 20 ಇರುತ್ತೆ, ನನಗೂ ಗೊತ್ತು, ನಿನಗೂ ಗೊತ್ತು. ಪೂರ್ತಿ ಒಂದು ನಿಮಿಷ ಎದೆ ನೋಡುತ್ತಾ ಎಣಿಸಿದ್ದರೆ ಅವನದು 26ರ ಹತ್ತಿರ ಇರುತ್ತಿತ್ತು ಅಂತ ನನ್ನ ಅಂದಾಜು.

108_ಬ್ರದರ್, ವಿಜಯಪುರ

ಅಕ್ಕಾವ್ರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಸಿಸ್ಟರ್, ತಂದವರನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿ ಎರಡು ಮಾತು ಕೇಳಬೇಕು. ಹೇಗೆ ಬಿದ್ದ? ಎಲ್ಲಿ ಬಿದ್ದ? ಟ್ರೇಲರಿಗೆ ಗುದ್ದಿದ ಬೈಕಿನಲ್ಲಿ ಹಿಂದೆ ಕೂತವನು ಹಾರಿ ಬೀಳುತ್ತಾನೆ, ಕಾಲು ಮುರಿಯುತ್ತೆ, ಕಣ್ಣಿಗೆ ಕಾಣುತ್ತೆ. ಮುಂದಿನವನಿಗೆ ಹ್ಯಾಂಡಲ್ ತುದಿ ಹೊಟ್ಟೆಗೆ ನಾಟುತ್ತೆ. ಪಕ್ಕೆಲುಬಿನ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ದುಂಡಗಿನ ಕೆಂಪು ಗುರುತು, ಅಷ್ಟೇ. ಅದನ್ನು ನೋಡಿದರೆ ನಾನು ಬಿಪಿ ಎಷ್ಟೇ ಇರಲಿ ಗಾಡಿ ನಿಲ್ಲಿಸೋದಿಲ್ಲ.

ಆದರೆ ತಂದವರು ನಿಲ್ಲೋದಿಲ್ಲ, ಅದು ನಿಜ. ಪೊಲೀಸ್, ಕೋರ್ಟು ಅಂತ ಹೆದರಿಕೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿಸಿ, ಗಾಯಾಳುವನ್ನು ತಂದವರು ಹೆಸರು ಕೂಡ ಹೇಳಬೇಕಿಲ್ಲ, ಅವರ ಮೇಲೆ ಕೇಸ್ ಹಾಕುವಂತಿಲ್ಲ ಅಂತ ಮಾಡಿದ್ದಾರೆ. ನಾನು ಮೊದಲು ಹೇಳುವುದೇ ಇದನ್ನು: "ಅಣ್ಣಾ, ನಿಮ್ಮ ಹೆಸರು ಬ್ಯಾಡ, ಹ್ಯಾಂಗ ಬಿದ್ದ ಅಷ್ಟ ಹೇಳ್ರಿ." ಮಾತು ತಾನಾಗಿ ಬರುತ್ತೆ. ಇನ್ನು, ನಡೆದು ಬಂದ ಅಂತ ಕತ್ತನ್ನು ಮರೆಯಬೇಡಿ. ಮಲಗಿಸಿ, ತಲೆ ಅಲುಗದ ಹಾಗೆ ನೋಡಿಕೊಂಡು, ಕಾಲರ್ ಬೇಕಾ ಬೇಡ್ವಾ ಅಂತ ಡಾಕ್ಟರನ್ನು ಕೇಳಿ.

ಘಟಪ್ರಭಾ_ದಂಡೆ, ಗೋಕಾಕ

ಎಲ್ಲ ಸರಿ, ಆದರೆ ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಅಪಘಾತದ ಕೇಸ್ ಬಂದ ಕೂಡಲೇ ಎರಡೂ ಕೈಗೆ ಲೈನ್ ಹಾಕಿ ಎರಡು ಮೂರು ಬಾಟಲಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಜೋರಾಗಿ ಓಡಿಸಿಬಿಡುವುದು. ನಾವು ಹಿಂದಿನಿಂದ ಮಾಡಿಕೊಂಡು ಬಂದಿದ್ದು ಅದೇ. ಹಾಗೆ ಮಾಡಿದ್ದರೆ ಕುಸಿಯುತ್ತಿರಲಿಲ್ಲ.

ಪಾಠ_ಹೇಳುವಾಕೆ, ಬೆಳಗಾವಿ

ಸರ್, ಲೈನ್ ಎರಡು ಹಾಕಬೇಕು ಅನ್ನುವುದು ಒಪ್ಪಿದೆ. ಬಾಟಲಿ ಓಡಿಸುವುದನ್ನು ಒಪ್ಪುವುದಿಲ್ಲ. ನಾನು ನರ್ಸಿಂಗ್ ಹುಡುಗಿಯರಿಗೆ ಪಾಠ ಮಾಡುವವಳು, ಹತ್ತು ವರ್ಷದ ಹಿಂದೆ ನಾನೇ 2 ಲೀಟರ್ ಅಂತ ಬರೆಸಿದ್ದೇನೆ. 2018ರ ಎಟಿಎಲ್ಎಸ್ (ಗಾಯಾಳು ಚಿಕಿತ್ಸೆಯ ತರಬೇತಿ ಪಾಠ) ಹತ್ತನೇ ಆವೃತ್ತಿಯಲ್ಲಿ ಅದನ್ನು 1 ಲೀಟರಿಗೆ ಇಳಿಸಿದ್ದಾರೆ, ಅದಾದ ಮೇಲೆ ಬೇಕಾಗಿರುವುದು ರಕ್ತ. ಕಾರಣ ಸುಲಭ. ತೂತಾದ ಕೊಡಕ್ಕೆ ನೀರು ಸುರಿದಂತೆ ಅದು. ಆರ್‌ಎಲ್ ಆಮ್ಲಜನಕ ಒಯ್ಯುವುದಿಲ್ಲ, ಇದ್ದ ರಕ್ತವನ್ನು ತೆಳ್ಳಗೆ ಮಾಡುತ್ತೆ, ಜನವರಿ ರಾತ್ರಿಯ ತಣ್ಣನೆ ಬಾಟಲಿ ಮೈಯನ್ನೂ ತಣ್ಣಗೆ ಮಾಡುತ್ತೆ, ಬಿಪಿ ಏಕಾಏಕಿ ಏರಿದರೆ ಕಟ್ಟಿಕೊಂಡಿದ್ದ ಹೆಪ್ಪೂ ಕಿತ್ತುಹೋಗುತ್ತೆ. ತಲೆಗೆ ಪೆಟ್ಟಿಲ್ಲ ಅಂದರೆ, ರಕ್ತ ನಿಲ್ಲಿಸುವವರ ಕೈಗೆ ಸೇರುವ ತನಕ ಮೇಲಿನ ಬಿಪಿ 80-90 ಇದ್ದರೂ ಡಾಕ್ಟರು ಸುಮ್ಮನಿರುತ್ತಾರೆ. ತಲೆಗೆ ಪೆಟ್ಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಮೆದುಳಿಗೆ ಒತ್ತಡ ಬೇಕು, 100-110ರ ಮೇಲೆ ಇಡಬೇಕು.

ಈಗ ಕೇಳಿದವಳಿಗೆ. ನೀನು ಹೆರಿಗೆ ವಾರ್ಡಿನಿಂದ ಬಂದವಳು ಅಂದೆ. ಹೆರಿಗೆ ಆಗಿ ಅರ್ಧ ಗಂಟೆ ಆದ ಬಾಣಂತಿ, ನಾಡಿ 118, ಬಾಯಾರಿಕೆ ಅಂತಿದ್ದಾಳೆ, ಬಿಪಿ 116/84. ನೀನು 'ಸ್ಟೇಬಲ್' ಅಂತ ಬರೀತಿದ್ದೆಯಾ? ಇಲ್ಲ. ಸೀರೆ ಸರಿಸಿ ಪ್ಯಾಡ್ ನೋಡುತ್ತಿದ್ದೆ, ಹೊಟ್ಟೆ ಒತ್ತುತ್ತಿದ್ದೆ, ಸಣ್ಣ ನೀಲಿ ಕ್ಯಾನುಲಾ ಬಿಟ್ಟು ದಪ್ಪ ಹಸಿರು ಹಾಕುತ್ತಿದ್ದೆ, ಡಾಕ್ಟರನ್ನು ಕೂಗುತ್ತಿದ್ದೆ. ಅಲ್ವಾ? ಅಲ್ಲಿ ರಕ್ತ ಪ್ಯಾಡಿನಲ್ಲಿ ಕಾಣುತ್ತೆ. ಇಲ್ಲಿ ಅದೇ ರಕ್ತ ಎದೆ, ಹೊಟ್ಟೆ, ಸೊಂಟದ ಮೂಳೆ, ತೊಡೆ, ಈ ನಾಲ್ಕರಲ್ಲಿ ಎಲ್ಲಾದರೂ ಅಡಗಿ ಕೂತಿರುತ್ತೆ. ಉಳಿದದ್ದೆಲ್ಲ ನಿನಗೆ ಆಗಲೇ ಗೊತ್ತಿರುವ ಕೆಲಸ.

ಔಷಧಿ ಕೂಡ ಅದೇ. ರಕ್ತಸ್ರಾವ ತಗ್ಗಿಸಲು ಬಾಣಂತಿಗೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಇಲ್ಲಿಗೂ ನಡೆಯುತ್ತೆ. 20 ಸಾವಿರಕ್ಕೂ ಜಾಸ್ತಿ ಗಾಯಾಳುಗಳ ಮೇಲೆ ಮಾಡಿದ ಕ್ರ್ಯಾಶ್-2 ಅಧ್ಯಯನ 2010ರಲ್ಲಿ ಬಂತು. 1 ಗ್ರಾಂ 10 ನಿಮಿಷದಲ್ಲಿ, ಆಮೇಲೆ ಇನ್ನೊಂದು ಗ್ರಾಂ 8 ತಾಸಿನಲ್ಲಿ. ಪೆಟ್ಟಾಗಿ 3 ತಾಸಿನೊಳಗೆ ಶುರುವಾಗಬೇಕು, ತಡವಾದರೆ ಲಾಭಕ್ಕಿಂತ ಹಾನಿ. ಬರೆಯುವುದು ಡಾಕ್ಟರು. ಆದರೆ ಪೆಟ್ಟಾದ ಸಮಯ ಎಷ್ಟು ಅಂತ ಶೀಟಿನಲ್ಲಿ ಇರದಿದ್ದರೆ ಅವರಾದರೂ ಹೇಗೆ ಬರೆಯುತ್ತಾರೆ? ನೀನು 11:40 ಬರೆದಿದ್ದೀಯ, ಅದು ನಿಮ್ಮಲ್ಲಿಗೆ ಬಂದ ಹೊತ್ತು.

ನೀರಿನ ವಿಷಯ. ಕೊಡದೇ ಇದ್ದದ್ದು ಸರಿ, ಓಟಿಗೆ ಹೋಗಬಹುದಾದವನ ಹೊಟ್ಟೆ ಖಾಲಿ ಇರಬೇಕು. ಯಾಕೆ ಕೇಳುತ್ತಿದ್ದಾನೆ ಅಂತ ಯೋಚಿಸದೇ ಇದ್ದದ್ದು ತಪ್ಪು. ಎರಡು ಸಲ ಕೇಳಿ ಮೂರನೇ ಸಲ ಸುಮ್ಮನಾದ ಅಂತ ನೀನೇ ಬರೆದಿದ್ದೀಯ, ಅದನ್ನು ಓದಿ ನನಗೆ ಎದೆ ಝಲ್ಲೆಂದಿತು.

ಘಟಪ್ರಭಾ_ದಂಡೆ, ಗೋಕಾಕ

ಮೇಡಂ, 1 ಲೀಟರ್ ಅನ್ನುವುದು ಗೊತ್ತಿರಲಿಲ್ಲ. ನಮ್ಮಲ್ಲಿ ಇನ್ನೂ ಗೋಡೆ ಮೇಲೆ ಹಳೇ ಚಾರ್ಟೇ ಇದೆ. ತೆಗೆಸುತ್ತೇನೆ. ಆದರೆ ರಕ್ತ ಬೇಕು ಅಂತೀರಿ, ತಾಲ್ಲೂಕಿನಲ್ಲಿ ಮಧ್ಯರಾತ್ರಿ ರಕ್ತ ಎಲ್ಲಿದೆ?

ಗುಮ್ಮಟದೂರು, ವಿಜಯಪುರ

ಅದಕ್ಕೇ ಸರ್, ರಕ್ತ ಇಲ್ಲದ ಕಡೆ ಹೊತ್ತು ಕಳೆಯಬಾರದು. ಎಕ್ಸ್‌ರೇ ಆಗಲಿ, ಅಣ್ಣ ಬರಲಿ ಅಂತ ಕಾಯಬಾರದು. ಮುಂದಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಹೇಗಾಯ್ತು, ಎಷ್ಟು ಹೊತ್ತಾಯ್ತು, ನಾಡಿ ಬಿಪಿ ಎಷ್ಟಿತ್ತು ಈಗ ಎಷ್ಟಿದೆ, ಏನು ಕೊಟ್ಟಿದ್ದೀವಿ, ರಕ್ತದ ಗುಂಪು ಗೊತ್ತಿದ್ದರೆ ಅದು, ಇಷ್ಟು ಹೇಳಿದರೆ ಗಾಡಿ ಮುಟ್ಟುವಷ್ಟರಲ್ಲಿ ಅವರು ಬ್ಲಡ್ ಬ್ಯಾಂಕಿನವರನ್ನು ಎಬ್ಬಿಸಿರುತ್ತಾರೆ.

ಎಲುಬಿನ_ವಾರ್ಡ್, ಬೆಳಗಾವಿ

ಎಲ್ಲರೂ ಸುಮ್ಮನಿದ್ದವನ ಬಗ್ಗೆಯೇ ಮಾತಾಡುತ್ತಿದ್ದೀರಿ, ಕೂಗಿದವನ ಬಗ್ಗೆ ನನ್ನದೂ ಇರಲಿ. ಹಂಗಾಮಿನಲ್ಲಿ ಅಂಥ ಕಾಲುಗಳು ನಮ್ಮ ವಾರ್ಡಿಗೆ ವಾರಕ್ಕೆ ಮೂರು ನಾಲ್ಕು ಬರುತ್ತವೆ, ಎಷ್ಟೋ ಸಲ ಅರಿಶಿನ ಮೆತ್ತಿ ಪಂಜೆ ಸುತ್ತಿಕೊಂಡೇ. ಹೊರಬಂದ ಎಲುಬನ್ನು ಒಳಗೆ ತಳ್ಳಲು ಹೋಗಬೇಡಿ. ಸಲೈನಿನಲ್ಲಿ ನೆನೆಸಿದ ಗಾಜ್ ಮುಚ್ಚಿ, ಸ್ಪ್ಲಿಂಟ್ ಕಟ್ಟಿ, ಡಾಕ್ಟರ ಹತ್ತಿರ ಆಂಟಿಬಯೋಟಿಕ್ ಬರೆಸಿಕೊಂಡು ಒಂದು ತಾಸಿನೊಳಗೆ ಕೊಡಿ. ಸ್ಪ್ಲಿಂಟ್ ಕಟ್ಟುವ ಮುಂಚೆ ಒಮ್ಮೆ, ಕಟ್ಟಿದ ಮೇಲೆ ಒಮ್ಮೆ ಪಾದದ ನಾಡಿ ನೋಡಿ ಬರೆಯಿರಿ.

ಮುಖ್ಯವಾದದ್ದು ಆಮೇಲೆ. ಇಂಜೆಕ್ಷನ್ ಕೊಟ್ಟರೂ ನೋವು ಏರುತ್ತಲೇ ಇದೆ, ನೀವು ಸುಮ್ನೆ ಹೆಬ್ಬೆರಳನ್ನು ಮೇಲಕ್ಕೆ ಮಡಚಿದರೆ ಕಿರುಚುತ್ತಾನೆ, ಮೀನಖಂಡ ಮುಟ್ಟಿದರೆ ಕೊರಡಿನ ಹಾಗೆ ಗಟ್ಟಿ. ಇದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್, ಅಂದರೆ ಸ್ನಾಯುವಿನೊಳಗೆ ಒತ್ತಡ ಏರಿ ರಕ್ತ ಓಡದಂತಾಗುವುದು. ಪಾದದ ನಾಡಿ ಸಿಗುತ್ತಲ್ಲ ಅಂತ ಸಮಾಧಾನ ಪಡಬೇಡಿ, ನಾಡಿ ಹೋಗುವುದು ಎಲ್ಲ ಮುಗಿದ ಮೇಲೆ. ಕಟ್ಟಿದ್ದನ್ನೆಲ್ಲ ಸಡಿಲಿಸಿ, ಕಾಲನ್ನು ದಿಂಬಿನ ಮೇಲೆ ಎತ್ತಿಡದೆ ಎದೆಯ ಮಟ್ಟಕ್ಕೇ ಇಟ್ಟು ಡಾಕ್ಟರನ್ನು ಎಬ್ಬಿಸಿ. ಕೆಲವೇ ತಾಸಿನಲ್ಲಿ ಸ್ನಾಯು ಸಾಯುತ್ತೆ. "ಹುಡುಗ ಭಾಳ ನಾಜೂಕು, ಸುಮ್ನೆ ಕೂಗ್ತಾನ" ಅಂತ ಪಾಳಿ ಬದಲಾಗುವಾಗ ಯಾರಾದರೂ ಹೇಳಿದರೆ ನಾನು ಮೊದಲು ಹೋಗುವುದು ಆ ಬೆಡ್ಡಿಗೇ.

ರಾತ್ರಿಪಾಳಿ_ಸಿಸ್ಟರ್, ಬಾಗಲಕೋಟೆ ಜಿಲ್ಲೆ

ಓದಿ ಎರಡು ದಿನ ಉತ್ತರ ಬರೆಯಲು ಆಗಲಿಲ್ಲ. ಅಕ್ಕಾ, ಜರ್ಕಿನ್ ತೆಗೆದಿರಲಿಲ್ಲ. ಜಿಪ್ ಕುತ್ತಿಗೆವರೆಗೆ ಹಾಕಿದ್ದ, ತೋಳು ಮಾತ್ರ ಮೇಲೆ ಸರಿಸಿ ಬಿಪಿ ನೋಡಿದೆ. ಉಸಿರು ಎಣಿಸಿರಲಿಲ್ಲ. 11:50 ಆದ ಮೇಲೆ 12:25ರ ತನಕ ಶೀಟಿನಲ್ಲಿ ಒಂದೂ ಅಂಕಿ ಇಲ್ಲ. ಮೇಡಂ ಬಾಣಂತಿ ಮಾತು ಹೇಳಿದ್ದು ಕಪಾಳಕ್ಕೆ ಹೊಡೆದ ಹಾಗಾಯ್ತು, ಬರೀತಿರಲಿಲ್ಲ, ಖಂಡಿತ ಬರೀತಿರಲಿಲ್ಲ.

ಒಂದು ಸಂಶಯ. ಈ ಚಳಿಗೆ ಎಲ್ಲರ ಕೈಯೂ ತಣ್ಣಗೇ ಇರುತ್ತೆ. ಮುಟ್ಟಿ ನೋಡಿ ಏನು ತಿಳಿಯುತ್ತೆ? ಮತ್ತೆ ಇಬ್ಬರೇ ಸಿಸ್ಟರ್ ಇರುವ ಕಡೆ ಎಷ್ಟು ಹೊತ್ತಿಗೊಮ್ಮೆ ನೋಡಬೇಕು?

ಗುಮ್ಮಟದೂರು, ವಿಜಯಪುರ

ಬೆರಳಿನಿಂದ ಶುರು ಮಾಡಿ ಮೇಲಕ್ಕೆ ಮುಟ್ಟುತ್ತಾ ಹೋಗು. ಚಳಿಯವನ ಕೈ ಬೆರಳಲ್ಲಿ ತಣ್ಣಗೆ, ಮಣಿಕಟ್ಟು ದಾಟಿದರೆ ಬೆಚ್ಚಗೆ. ರಕ್ತ ಹೋದವನದು ಮೊಣಕೈ ತನಕ, ಮೊಣಕಾಲ ತನಕ ತಣ್ಣಗೆ ಇರುತ್ತೆ, ಜೊತೆಗೆ ಒದ್ದೆ. ಚಳಿಯಲ್ಲಿ ಯಾರಿಗೂ ಬೆವರು ಬರುವುದಿಲ್ಲ. ಅರ್ಧ ತಾಸಿನ ನಂತರ ಮತ್ತೆ ಮುಟ್ಟಿದಾಗ ಆ ತಣ್ಣಗಿನ ಗೆರೆ ಇನ್ನೂ ಮೇಲೆ ಹೋಗಿದೆಯಾ ನೋಡು. ಉಗುರು ಒತ್ತಿ ಬಿಡುವುದು ಚಳಿಯಲ್ಲಿ ಮೋಸ ಮಾಡುತ್ತೆ, ಎದೆಯ ನಡುವಿನ ಮೂಳೆ ಮೇಲೆ 5 ಸೆಕೆಂಡ್ ಒತ್ತಿ ಬಿಡು, 2 ಸೆಕೆಂಡಿನಲ್ಲಿ ಬಣ್ಣ ಬರಬೇಕು.

ಎಷ್ಟು ಹೊತ್ತಿಗೊಮ್ಮೆ ಅಂದರೆ, ಮೊದಲ ಒಂದು ತಾಸು 15 ನಿಮಿಷಕ್ಕೊಮ್ಮೆ. ಅನುಮಾನ ಇದ್ದರೆ 5ಕ್ಕೊಮ್ಮೆ. ಆಗಲ್ಲ ಅಂತೀಯ, ನನಗೂ ಗೊತ್ತು. ಹಾಗಾಗಿ ನಾನು ಇಂಥವರನ್ನು ಮೂಲೆ ಬೆಡ್ಡಿಗೆ ಹಾಕುವುದೇ ಇಲ್ಲ, ಟೇಬಲ್ ಎದುರಿಗೇ. ಸಂಬಂಧಿಕರು ಇದ್ದರೆ "ಇವನನ್ನ ಮಾತಾಡಿಸ್ತಾ ಇರಿ, ಮಾತು ತೊದಲಿದರೆ, ನಿದ್ದಿ ಬರ್ತೈತಿ ಅಂದ್ರ ಓಡಿ ಬಂದು ಕರೀರಿ" ಅಂತ ಕೂರಿಸುತ್ತೇನೆ. ನಿನ್ನ ಹುಡುಗನನ್ನು ಉಳಿಸಿದ್ದು ಅವನ ಅಣ್ಣ. ಒಂದು ಕಡೆಯ ಮಾತು, ಮೂತ್ರ ನೋಡು. ತಾಸಿಗೆ ಕಿಲೋಗೆ ಅರ್ಧ ಎಂಎಲ್ ಬರಬೇಕು. ಆದರೆ ಮೂತ್ರದ ಬಾಯಲ್ಲಿ ರಕ್ತ ಕಂಡರೆ ಕ್ಯಾಥೆಟರ್ ಮುಟ್ಟಬೇಡ.

ರಾತ್ರಿಪಾಳಿ_ಸಿಸ್ಟರ್, ಬಾಗಲಕೋಟೆ ಜಿಲ್ಲೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹುಡುಗ ಡಿಸ್ಚಾರ್ಜ್ ಆಗಿದ್ದಾನೆ. ಸ್ಪ್ಲೀನ್ ತೆಗೆದಿದ್ದಾರೆ, ಹಾಗಾಗಿ ಸೋಂಕು ತಡೆಯಲು ನ್ಯುಮೋಕಾಕಲ್, ಮೆನಿಂಗೋಕಾಕಲ್, ಹಿಬ್ ಲಸಿಕೆ ಕೊಟ್ಟಿದ್ದಾರೆ, ಜ್ವರ ಬಂದರೆ ಆ ದಿನವೇ ಬರಬೇಕು ಅಂತ ಚೀಟಿಯಲ್ಲಿ ಬರೆದಿದ್ದಾರೆ. ಅಣ್ಣನಿಗೆ ಅದನ್ನು ಇನ್ನೊಮ್ಮೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ. ಕಾಲಿನವನು ಇನ್ನೂ ಆಸ್ಪತ್ರೆಯಲ್ಲೇ ಇದ್ದಾನಂತೆ, ಎರಡನೇ ಆಪರೇಷನ್ ಬಾಕಿ.

ನಮ್ಮಲ್ಲಿ ಮೂಲೆ ಬೆಡ್ ಜಾಗ ಬದಲಾಯಿಸಿದ್ದೇವೆ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಗೆ ದಾರ ಕಟ್ಟಿ ಟ್ರಾಲಿಗೆ ತೂಗುಹಾಕಿದ್ದೇನೆ, ಇಲ್ಲಾಂದರೆ ಓಟಿಯವರು ಒಯ್ದುಬಿಡುತ್ತಾರೆ. ಕತ್ತರಿಸುವಾಗ ಹರಿದ ಜಾಗ, ರಕ್ತದ ಕಲೆ ಬಿಟ್ಟು ಕತ್ತರಿಸಿ ಬಟ್ಟೆಯನ್ನು ಎಂಎಲ್‌ಸಿಗೆ (ಪೊಲೀಸರಿಗೆ ಹೋಗುವ ಕೇಸಿನ ದಾಖಲೆ) ಕಾಗದದ ಚೀಲದಲ್ಲಿ ತೆಗೆದಿಡಬೇಕು ಅಂತ ಡಾಕ್ಟರು ಹೇಳಿಕೊಟ್ಟರು.

ಎಂಎಲ್‌ಸಿ ಕಾಗದ ತಗೊಂಡು ಹೋಗಲು ಹುಡುಗನೇ ಬಂದಿದ್ದ, ಅದೇ ಜರ್ಕಿನ್ನಿನಲ್ಲಿ. ನನ್ನ ನೋಡಿ ಗುರುತು ಹಿಡಿದ. "ಸಿಸ್ಟರ್, ಇವತ್ತರ ನೀರ್ ಕೊಡ್ತೀರೇನ್ರಿ?" ಅಂದ. ನನ್ನ ಬಾಟಲಿಯನ್ನೇ ಕೊಟ್ಟೆ, ಪೂರ್ತಿ ಖಾಲಿ ಮಾಡಿದ.